ಕುದುರೆಗೆ ಆಂಬುಲೆನ್ಸ್, ಅಪ್ಪನಿಗೆ ಆಟೋ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ಕುಣಿಗಲ್ಲಿನಿಂದ ಸೈಸ್ ಒಬ್ಬನ, ಅಂದರೆ ರೇಸ್ ಕುದುರೆ ನೋಡಿಕೊಳ್ಳುವ ಆಳೊಬ್ಬನ, ಮಗನ ನಮಸ್ಕಾರಗಳು.

ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ ಅಂತ ಬಂದವರಿಗೆ ಅರ್ಜಿಯನ್ನೂ ನಾನೇ ಬರೆದುಕೊಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಅರ್ಜಿ ಬರೆದೆನೋ ಲೆಕ್ಕ ಇಟ್ಟಿಲ್ಲ. ನಮ್ಮ ಮನೆಯ ಒಂದು ಅರ್ಜಿ ಮಾತ್ರ ಇಷ್ಟು ದಿನವೂ ಬರೆಯಲಾಗಲಿಲ್ಲ. ಅರ್ಜಿಯ ತಲೆಯಲ್ಲಿ ‘ಇವರಿಗೆ’ ಎಂದು ಬರೆದು ಕೆಳಗೆ ಒಂದು ಹೆಸರು ಹಾಕಬೇಕಲ್ಲ, ಆ ಹೆಸರು ಸಿಕ್ಕಲಿಲ್ಲ. ಮೂವತ್ತೊಂದು ವರ್ಷ ರೇಸ್ ಕುದುರೆಗಳ ಸೇವೆ ಮಾಡಿ ಕಾಲು ಮುರಿದುಕೊಂಡು ಮನೆಗೆ ಬಂದ ನನ್ನಪ್ಪ ಯಾರ ಕೆಲಸದಾಳಾಗಿದ್ದ ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಅದಕ್ಕೇ ಈ ಸಲ ತಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ರೇಸ್‌ಕೋರ್ಸಿನ ಜಮೀನು ಸರ್ಕಾರದ್ದು, ಓಟಕ್ಕೆ ಲೈಸೆನ್ಸ್ ಕೊಡುವುದೂ ಸರ್ಕಾರವೇ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಬೆಂಗಳೂರಿನ ರೇಸ್‌ಕೋರ್ಸನ್ನು ಬೇರೆಡೆಗೆ ಸಾಗಿಸುವ ಮಾತು ನಡೆಯುತ್ತಿದೆ. ರೇಸ್‌ಕೋರ್ಸನ್ನು ಬೆಂಗಳೂರಿನಲ್ಲೇ ಇಟ್ಟುಕೊಳ್ಳಿ, ನಮ್ಮ ಕುಣಿಗಲ್ಲಿಗೆ ತನ್ನಿ, ಇನ್ನೊಂದು ಕಡೆಗೆ ಒಯ್ಯಿರಿ. ಅದನ್ನು ನಡೆಸುವ ಹಳೇ ಕ್ಲಬ್ಬಿಗೆ ಕೊಡಿ, ಹೊಸ ಕಂಪನಿಗೆ ಕೊಡಿ. ಆದರೆ ಆ ಜಮೀನಿನ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಅದರೊಳಗೆ ಒಂದು ಷರತ್ತು ಬರೆಸಿ: ಲಾಯದಲ್ಲಿ ದುಡಿಯುವ ಪ್ರತಿಯೊಬ್ಬ ಸೈಸ್‌ಗೆ, ತರಬೇತಿಗೆ ಕುದುರೆ ಓಡಿಸುವ ಪ್ರತಿಯೊಬ್ಬ ರೈಡಿಂಗ್ ಬಾಯ್‌ಗೆ, ಜಮೀನು ಪಡೆದ ಸಂಸ್ಥೆಯೇ ಪ್ರಧಾನ ನಿಯೋಜಕ, ಅಂದರೆ ಅವರ ಕೆಲಸಕ್ಕೆ ಕೊನೆಯ ಹೊಣೆ ಹೊರುವವರು. ಇಷ್ಟೇ.

ನಮ್ಮ ಮನೆಗೂ ಕುದುರೆಗೂ ಮೂರು ತಲೆಮಾರಿನ ನಂಟು. ತಾತ ಇಲ್ಲಿನ ಸ್ಟಡ್ ಫಾರ್ಮಿನಲ್ಲಿದ್ದ. ಟಿಪ್ಪು ಕಾಲದಿಂದ ಇಲ್ಲಿ ಕುದುರೆ ಸಾಕಿಕೊಂಡು ಬಂದಿದ್ದಾರೆಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಅದನ್ನು ಕೇಳಿಕೊಂಡೇ ಬೆಳೆದವನು. ತಾತನ ಕಾಲಕ್ಕೆ ಫಾರ್ಮು ಸರ್ಕಾರದ ಕೈಯಲ್ಲಿತ್ತು. ಸಂಬಳ ಕಡಿಮೆ, ಆದರೆ ಒಂದನೇ ತಾರೀಖಿಗೆ ಬರುತ್ತಿತ್ತು. ತಾತ ಹೋದಮೇಲೂ ಅಜ್ಜಿಗೆ ಪಿಂಚಣಿ ಬಂತು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸಿ ಕೊಡುತ್ತಿದ್ದದ್ದು, ಅಜ್ಜಿ ಅದರಲ್ಲಿ ನನಗೆ ಎಂಟಾಣೆ ಕೊಡುತ್ತಿದ್ದದ್ದು ನೆನಪಿದೆ. ಕುದುರೆಗೆ ಹುರುಳಿ ಬೇಯಿಸಿದವನ ಹೆಂಡತಿಗೆ ಸರ್ಕಾರ ಬದುಕಿಡೀ ಅನ್ನ ಹಾಕಿತು. ಯಾವ ಪುಣ್ಯಾತ್ಮನೂ ಕರುಣೆಯಿಂದ ಕೊಟ್ಟದ್ದಲ್ಲ ಅದು. ಕೆಲಸ ಕೊಟ್ಟವರು ಯಾರು ಎಂಬುದು ಕಾಗದದ ಮೇಲಿತ್ತು, ಅದಕ್ಕೆ ಬಂತು.

1992ರಲ್ಲಿ ಸರ್ಕಾರ ಆ ಫಾರ್ಮನ್ನು ಮೂವತ್ತು ವರ್ಷಕ್ಕೆ ಯುಬಿ ಗುಂಪಿನ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಅದರಿಂದ ಕುದುರೆಗಳಿಗೆ ಕೆಡುಕಾಯಿತೆಂದು ನಾನು ಹೇಳಲಾರೆ. ಇಲ್ಲಿ ಹುಟ್ಟಿದ ಮರಿಗಳು ದೇಶದ ದೊಡ್ಡ ದೊಡ್ಡ ರೇಸು ಗೆದ್ದಿವೆ. ಆದರೆ 2016ರಲ್ಲಿ ಆ ಗುಂಪಿನ ಯಜಮಾನರು ದೇಶ ಬಿಟ್ಟು ಹೋದ ಸುದ್ದಿ ಬಂದಾಗ, ದೇಶವೆಲ್ಲ ಬ್ಯಾಂಕ್ ಸಾಲದ ಮಾತಾಡುತ್ತಿದ್ದರೆ ನನ್ನ ಅಂಗಡಿ ಮುಂದೆ ನಿಂತವರು ಕೇಳುತ್ತಿದ್ದದ್ದು ಒಂದೇ: ‘ಫಾರ್ಮಿನ ಕುದುರೆಗಳು ಏನಾಗ್ತವೆ? ಅವನ್ನ ನೋಡ್ಕೊಳ್ಳೋರು ಏನಾಗ್ತಾರೆ?’ ಸಾವಿರಾರು ಮೈಲಿ ಆಚೆ ಒಬ್ಬರ ವ್ಯವಹಾರ ಕೆಟ್ಟರೆ ಕುಣಿಗಲ್ಲಿನ ಒಂದು ಓಣಿಗೆ ರಾತ್ರಿ ನಿದ್ದೆ ಬರುವುದಿಲ್ಲ. 2022ಕ್ಕೆ ಆ ಮೂವತ್ತು ವರ್ಷವೂ ಮುಗಿಯಿತು. ಆಮೇಲೆ ಟೌನ್‌ಶಿಪ್ ಅಂದರು, ಈಗ ರೇಸ್‌ಕೋರ್ಸು ಇಲ್ಲಿಗೇ ಬರುತ್ತದೆ ಎಂಬ ಮಾತು ಕೇಳಿಬರುತ್ತಿದೆ. ಜಮೀನಿನ ರೇಟು ಏನಾಗುತ್ತದೆಂದು ಕೇಳಲು ನನ್ನ ಅಂಗಡಿಗೆ ದಿನಾ ಜನ ಬರುತ್ತಾರೆ. ಸೈಸ್‌ಗಳ ಗತಿ ಏನೆಂದು ಕೇಳಿದವನು ಇಲ್ಲಿಯವರೆಗೆ ಒಬ್ಬನೂ ಇಲ್ಲ.

ಅಪ್ಪ 1978ರಲ್ಲಿ, ಓನರುಗಳ ಕುದುರೆಯನ್ನು ಓಟಕ್ಕೆ ತಯಾರು ಮಾಡುವ ಒಬ್ಬ ಟ್ರೈನರ್ ಹತ್ತಿರ ಸೈಸ್ ಆಗಿ ಸೇರಿದ. ಬೆಂಗಳೂರು, ಮೈಸೂರು, ಊಟಿ, ಮದ್ರಾಸು, ಹೈದರಾಬಾದು, ಸೀಸನ್ ಎಲ್ಲಿಯೋ ಕುದುರೆ ಅಲ್ಲಿ, ಕುದುರೆ ಎಲ್ಲಿಯೋ ಅಪ್ಪ ಅಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಲಾಯ ಬಳಿದು, ನೀರಿಟ್ಟು, ಗೊರಸು ಕೆರೆದು, ಮೈ ಉಜ್ಜಿ, ಬೆಳಕು ಹರಿಯುವುದರೊಳಗೆ ಟ್ರ್ಯಾಕಿಗೆ ಕರೆದೊಯ್ಯಬೇಕು. ವಾಪಸು ಬಂದಮೇಲೆ ನಡೆಸಿ ಬೆವರು ಆರಿಸಬೇಕು. ಕಾಲಿಗೆ ಮಾಲೀಸು, ಬ್ಯಾಂಡೇಜು. ಓಟ್ಸು, ಬೂಸಾ, ಕುದುರೆ ಮೆಂತೆ ಸೊಪ್ಪು ತೂಕ ಮಾಡಿ ಹಾಕಬೇಕು. ಐನೂರು ಕಿಲೋ ತೂಗುವ ಪ್ರಾಣಿ ಅದು, ಹೊಟ್ಟೆನೋವು ಬಂದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಪಕ್ಕೆ ತಿರುಗಿ ತಿರುಗಿ ನೋಡುತ್ತದೆ, ಮುಂಗಾಲಲ್ಲಿ ನೆಲ ಕೆರೆಯುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ನೋಡಿ ಡಾಕ್ಟರನ್ನು ಎಬ್ಬಿಸುವವನು ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಮಲಗಿದ ಸೈಸು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಪ್ಪ ಊರಿಗೆ ಬರಲಿಲ್ಲ. ಅವನ ಕುದುರೆಗೆ ಜ್ವರ ಇತ್ತು. ಅಮ್ಮ ಅದನ್ನು ಇವತ್ತಿಗೂ ಹೇಳಿಕೊಂಡು ಅವನನ್ನು ಅಣಕಿಸುತ್ತಾಳೆ. ನನಗೆ ಕೋಪವಿಲ್ಲ. ಅವನಿಗೆ ಕುದುರೆಯೆಂದರೆ ಮಕ್ಕಳಿಗಿಂತ ಒಂದು ತೂಕ ಹೆಚ್ಚೇ.

2009ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಯಾವ ಊರಿನ ಸೀಸನ್, ಯಾವ ಕ್ಲಬ್ಬು, ಯಾವ ಟ್ರೈನರ್ ಎಂದು ಬರೆಯುವುದಿಲ್ಲ. ನನ್ನ ಜಗಳ ಒಬ್ಬರ ಮೇಲಿನದಲ್ಲ, ಜೊತೆಗೆ ನಮ್ಮ ಸಂಬಂಧಿಕರು ಇವತ್ತಿಗೂ ಅದೇ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಐದೂವರೆ. ಮೂರು ವರ್ಷದ ಒಂದು ಹೆಣ್ಣು ಕುದುರೆ, ಇನ್ನೂ ಎಳೆಯದು, ಬೆದರುವ ಸ್ವಭಾವದ್ದು. ಅಪ್ಪ ಅದರ ಹಿಂಗಾಲಿನ ಬ್ಯಾಂಡೇಜು ಬಿಚ್ಚುತ್ತಾ ಕೂತಿದ್ದ. ಪಕ್ಕದ ಲಾಯದಲ್ಲಿ ಯಾರದೋ ಕೈ ತಪ್ಪಿ ತಗಡಿನ ಬಕೆಟ್ಟು ಸಿಮೆಂಟಿನ ಮೇಲೆ ಬಿತ್ತು. ಕುದುರೆ ಝಾಡಿಸಿತು. ಅಪ್ಪನ ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿಯಿತು. ಬೆದರಿದ ಕುದುರೆ ಲಾಯದ ಬಾಗಿಲಿಗೆ ಗುದ್ದಿಕೊಂಡಿತು, ಅದರ ಕಾಲೂ ತರಚಿ ರಕ್ತ ಬಂತು.

ಹತ್ತು ನಿಮಿಷದೊಳಗೆ ವೈದ್ಯರು ಬಂದರು. ಕುದುರೆಯ ವೈದ್ಯರು. ಅರ್ಧ ಗಂಟೆಯೊಳಗೆ ಕುದುರೆಯನ್ನು ಅದರ ಆಂಬುಲೆನ್ಸಿಗೆ ಹತ್ತಿಸಿ ಎಕ್ಸ್‌ರೇಗೆ ಒಯ್ದರು. ಅಪ್ಪ ಹುಲ್ಲಿನ ಮೇಲೆ ಬಿದ್ದಿದ್ದ. ಗೇಟಿನ ಹೊರಗೆ ಹೋಗಿ ಆಟೋ ಕರೆತಂದವರು ಅವನ ಜೊತೆಯ ಇಬ್ಬರು ಸೈಸ್‌ಗಳು. ಒಳಗೆ ಆಟೋ ಬಿಡಲು ಸೆಕ್ಯೂರಿಟಿಯವರು ಒಪ್ಪಲಿಲ್ಲ. ಕುದುರೆಗೆ ಹೊದಿಸುವ ಕಂಬಳಿಯಲ್ಲಿ ಅಪ್ಪನನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ಗೇಟಿನವರೆಗೆ ಹೊತ್ತುಕೊಂಡು ಹೋದರು.

ನಾನು ಅಂಗಡಿಗೆ ಬೀಗ ಹಾಕಿ ಅಮ್ಮನನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಹೋದೆ. ಅಪ್ಪ ವಾರ್ಡಿನಲ್ಲಿ ಮಂಚ ಸಿಗದೆ ನೆಲದ ಮೇಲೆ ಮಲಗಿದ್ದ. ನನ್ನನ್ನು ನೋಡಿ ಮೊದಲು ಕೇಳಿದ್ದು, ‘ಕುದ್ರೆ ಕಾಲು ಹೆಂಗಿದೆ ಅಂತ ಕೇಳ್ಕಂಡ್ ಬಾ’ ಅಂತ. ಆಮೇಲೆ, ‘ಅದರದ್ದೇನೂ ತಪ್ಪಿಲ್ಲ ಕಣಪ್ಪ, ಬಕೆಟ್ ಬಿತ್ತು’ ಅಂದ.

ಟ್ರೈನರ್ ಮೊದಲ ದಿನ ಎಂಟು ಸಾವಿರ ಕಳಿಸಿದರು. ಆಪರೇಷನ್ ಆಗಬೇಕು, ರಾಡು ಹಾಕಬೇಕು ಅಂದಾಗ, ಅವರ ಕಷ್ಟವೂ ಇರಬಹುದು, ‘ಓನರ್ ತಿಂಗಳಿಗಿಷ್ಟು ಅಂತ ಕೊಡೋದರಲ್ಲೇ ನಾನು ಮೇವು, ಸಂಬಳ ಎಲ್ಲ ತೂಗಿಸಬೇಕು, ನೀವು ಓನರನ್ನ ಕೇಳಿ’ ಅಂದರು. ಓನರ್ ಒಂದು ಕಂಪನಿ. ಆ ಕಂಪನಿಯ ಆಫೀಸಿನಲ್ಲಿ ಒಬ್ಬರು ತುಂಬಾ ಸಭ್ಯವಾಗಿ ಮಾತಾಡಿದರು. ‘ನಮ್ಮ ಒಪ್ಪಂದ ಟ್ರೈನರ್ ಜೊತೆಗೆ, ಕುದುರೆಗೆ ಇನ್ಶೂರೆನ್ಸ್ ಇದೆ, ಅವರ ಸ್ಟಾಫ್ ನಮಗೆ ಬರಲ್ಲ’ ಅಂದರು. ಕ್ಲಬ್ಬಿನ ಕಚೇರಿಗೆ ಹೋದೆ. ‘ಸೈಸ್‌ಗಳು ಟ್ರೈನರ್ ಕಡೆಯವರು, ನಾವು ಒಳಗೆ ಬರೋದಕ್ಕೆ ಪಾಸ್ ಮಾತ್ರ ಕೊಡ್ತೀವಿ’ ಅಂದರು. ಆ ಪಾಸು ನನ್ನ ಜೇಬಿನಲ್ಲಿತ್ತು. ಕ್ಲಬ್ಬಿನ ಲಾಂಛನ, ಕ್ಲಬ್ಬಿನ ಸೀಲು, ಅಪ್ಪನ ಫೋಟೋ. ಕ್ಲಬ್ಬು ಬೇಡವೆಂದರೆ ಅಪ್ಪ ಒಳಗೆ ಕಾಲಿಡುವಂತಿರಲಿಲ್ಲ. ಕ್ಲಬ್ಬಿನ ಲಾಯ, ಕ್ಲಬ್ಬಿನ ನಲ್ಲಿ ನೀರು, ಕ್ಲಬ್ಬಿನ ಗಂಟೆಗೆ ಏಳುವುದು. ಅಪ್ಪ ಮಾತ್ರ ಕ್ಲಬ್ಬಿನವನಲ್ಲ.

ಮೂರು ಬಾಗಿಲು ತಿರುಗಿದೆ. ನಾಲ್ಕನೇ ಬಾಗಿಲು ಯಾವುದೆಂದು ಗೊತ್ತಾಗಲಿಲ್ಲ. ಒಂದು ಲಕ್ಷ ನಲವತ್ತೆರಡು ಸಾವಿರ ಖರ್ಚಾಯಿತು. ಅಮ್ಮನ ಎರಡೆಳೆ ಸರ ಹೋಯಿತು. ಇಷ್ಟೂ ಬರೆದದ್ದು ಆ ದುಡ್ಡನ್ನು ಈಗ ಕೊಡಿ ಎಂದು ಕೇಳಲಿಕ್ಕಲ್ಲ. ನೌಕರರ ಪರಿಹಾರ ಕಾಯಿದೆ 1923ರದ್ದು, ಅದರ ಕೆಳಗೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು ಎಂಬುದು ತಮಗೆ ಗೊತ್ತು. ನನಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ದಾಟಿತ್ತು, ಟ್ರೈನರ್ ಲೈಸೆನ್ಸ್ ಬಿಟ್ಟು ಹೋಗಿದ್ದರು. ಊರಿಗೆಲ್ಲ ಅರ್ಜಿ ಬರೆಯುವವನು ಅಪ್ಪನ ಅರ್ಜಿಯ ದಿನ ತಪ್ಪಿಸಿದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಈಗ ಕಾನೂನಿನ ಮಾತು. ಇದರಲ್ಲಿ ತಮಗೆ ಗೊತ್ತಿಲ್ಲದ್ದು ಒಂದೂ ಇಲ್ಲ.

ಬೆಂಗಳೂರು ಟರ್ಫ್ ಕ್ಲಬ್ 1962ರಿಂದ ಕಂಪನಿ ಕಾಯಿದೆಯ ಕೆಳಗೆ ನೋಂದಣಿಯಾದ ಸಂಸ್ಥೆ, ಹೆಸರಿನ ಕೊನೆಗೇ ಲಿಮಿಟೆಡ್ ಎಂದಿದೆ. ವಿಧಾನಸೌಧದಿಂದ ಕೂಗಳತೆಯಲ್ಲಿರುವ ಸುಮಾರು 85 ಎಕರೆ ಅದರ ವಶದಲ್ಲಿದೆ. ಆ ಜಮೀನಿನ ಗುತ್ತಿಗೆ 2009ರ ಡಿಸೆಂಬರ್ ಕೊನೆಗೇ ಮುಗಿದಿತ್ತು. ಅಪ್ಪನ ಕಾಲು ಮುರಿದ ವರ್ಷವೇ ಆದ್ದರಿಂದ ನನಗೆ ಅದು ಮರೆಯುವುದಿಲ್ಲ. ಅಲ್ಲಿಂದ ಈಚೆಗೆ ಹೈಕೋರ್ಟು, ಸುಪ್ರೀಂ ಕೋರ್ಟು, ಬಾಡಿಗೆ ಬಾಕಿ, ಸ್ಥಳಾಂತರ ಎಂದು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಯಾವ ಪಕ್ಷ ಬಂದರೂ ಜಮೀನು ಎಷ್ಟು ಬೆಲೆ ಬಾಳುತ್ತದೆ, ಅಲ್ಲಿ ಪಾರ್ಕ್ ಮಾಡಬೇಕೋ ಬೇಡವೋ, ಬಾಡಿಗೆ ಎಷ್ಟು ಕೋಟಿ ಬರಬೇಕು ಎಂಬುದೇ ಮಾತು. ಹದಿನೈದು ವರ್ಷದ ಈ ಚರ್ಚೆಯಲ್ಲಿ ಲಾಯದಲ್ಲಿ ದುಡಿಯುವವರ ಗತಿಯೇನೆಂದು ಸರ್ಕಾರದ ಕಡೆಯಿಂದ ಒಬ್ಬರು ನಿಂತು ಮಾತಾಡಿದ್ದನ್ನು ನಾನು ಓದಲಿಲ್ಲ, ದಿನಾ ಮೂರು ಪತ್ರಿಕೆ ಓದುತ್ತೇನೆ.

2014ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ಟರ್ಫ್ ಕ್ಲಬ್ಬಿನ ಮೇಲ್ಮನವಿಯಲ್ಲೇ ಒಂದು ತೀರ್ಪು ಕೊಟ್ಟಿತು. ರೇಸ್ ಕ್ಲಬ್ಬು, ನೌಕರರ ಕಾಯಿಲೆ-ಗಾಯಕ್ಕೆ ವಿಮೆ ಕೊಡುವ ಇಎಸ್‌ಐ ಕಾಯಿದೆಯ ಮಟ್ಟಿಗೆ ‘ಅಂಗಡಿ’ಯೇ, ಅಲ್ಲಿ ಸೇವೆಯ ವ್ಯಾಪಾರ ನಡೆಯುತ್ತದೆ, ಆದ್ದರಿಂದ ಕಾಯಿದೆ ಅನ್ವಯಿಸುತ್ತದೆ ಎಂದಿತು. ಆ ತೀರ್ಪನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದು ಅಪ್ಪನಿಗೆ ಓದಿ ಹೇಳಿದೆ. ಅವನಿಗೆ ಅರ್ಥವಾದದ್ದು ಒಂದೇ: ‘ಅಂಗಡಿ ಅಂತ ಒಪ್ಕಂಡವ್ರೆ. ಅಂಗಡಿ ಒಳಗೆ ನಾನು ಯಾರು ಅಂತ ಬರೆದಿದಾರಾ?’ ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಲಬ್ಬಿನ ಕಚೇರಿಯಲ್ಲಿ ಕೂರುವವನು, ಟಿಕೆಟ್ ಕೌಂಟರಿನವನು ಕ್ಲಬ್ಬಿನ ನೌಕರ. ಸೈಸು ಟ್ರೈನರಿನ ಆಳು. ಟ್ರೈನರಿಗೆ ಕ್ಲಬ್ಬು ಲೈಸೆನ್ಸ್ ಕೊಡುತ್ತದೆ, ಕ್ಲಬ್ಬಿಗೆ ಸರ್ಕಾರ ಲೈಸೆನ್ಸ್ ಕೊಡುತ್ತದೆ. ಮೇಲಿನಿಂದ ಕೆಳಗೆ ಅಧಿಕಾರ ಸರಾಗವಾಗಿ ಇಳಿದು ಬರುತ್ತದೆ. ಹೊಣೆ ಕೆಳಗಿನಿಂದ ಮೇಲಕ್ಕೆ ಒಂದು ಮೆಟ್ಟಿಲೂ ಹತ್ತುವುದಿಲ್ಲ.

ಅದನ್ನು ಹತ್ತಿಸುವ ಅಧಿಕಾರ ತಮ್ಮ ಸರ್ಕಾರಕ್ಕಿದೆ. ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯಿದೆ 1952ರದ್ದು. ಅದರ ಕೆಳಗೆ ಲೈಸೆನ್ಸ್ ಕೊಡುವಾಗ ಷರತ್ತು ಹಾಕಲು ಸರ್ಕಾರಕ್ಕೆ ಪೂರ್ತಿ ಅಧಿಕಾರ. ಪಂದ್ಯದ ಹಣ ಕಟ್ಟಿಸಿಕೊಳ್ಳುವ ಬುಕಿಗಳ ವಿಷಯಕ್ಕೆ ಆ ಅಧಿಕಾರ ಬಳಸುತ್ತೀರಿ. 2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಬೆಂಗಳೂರು ರೇಸ್‌ಕೋರ್ಸಿನ ಬುಕಿಗಳ ಮೇಲೆ ದಾಳಿ ಮಾಡಿದರು. ಆಮೇಲೆ ಲೈಸೆನ್ಸ್ ಕೊಡಲಿಲ್ಲ, ಓಟ ನಿಂತಿತು, ವಿಷಯ ಹೈಕೋರ್ಟಿಗೆ ಹೋಯಿತು. ಬೆಟ್ಟಿಂಗಿನಲ್ಲಿ ಮೋಸ ಮಾಡಿದವರನ್ನು ಹಿಡಿಯಬೇಡಿ ಎಂದು ನಾನು ಹೇಳುತ್ತಿಲ್ಲ, ಖಂಡಿತ ಹಿಡಿಯಿರಿ. ಓಟ ನಿಂತರೆ ಕುದುರೆ ಉಪವಾಸ ಇರುತ್ತದೆಯೇ? ಅದಕ್ಕೆ ಆ ದಿನವೂ ನಾಲ್ಕು ಗಂಟೆಗೆ ನೀರಿಡಬೇಕು, ಲದ್ದಿ ತೆಗೆಯಬೇಕು, ನಡೆಸಬೇಕು. ಕೆಲಸ ನಿಲ್ಲುವುದಿಲ್ಲ, ದುಡ್ಡು ಮಾತ್ರ ನಿಲ್ಲುತ್ತದೆ. 2020ರ ಮಾರ್ಚಿನ ಲಾಕ್‌ಡೌನಿನಲ್ಲೂ ಹೀಗೇ ಆಗಿತ್ತು. ನನ್ನ ಅಕ್ಕನ ಮಗ ಈ ಕೆಲಸದಲ್ಲಿದ್ದಾನೆ. ಊರು, ಲಾಯದ ಹೆಸರು ಕೇಳಬೇಡಿ, ಹೇಳಿದರೆ ನಾಳೆ ಅವನ ಗೇಟ್ ಪಾಸ್ ಇರುವುದಿಲ್ಲ. ಆ ತಿಂಗಳುಗಳಲ್ಲಿ ಅವನು ಅರ್ಧ ಸಂಬಳಕ್ಕೆ ಮೂರು ಕುದುರೆ ನೋಡಿಕೊಂಡ. ಬಿಟ್ಟು ಬಾ ಎಂದರೆ, ‘ಮಾವ, ನಾನು ಬಂದ್ರೆ ಇವುಕ್ಕೆ ಯಾರು?’ ಅಂದ. ಅವರ ಈ ಒಂದು ಮಾತಿನ ಮೇಲೆ ಇಡೀ ರೇಸ್ ಉದ್ಯಮ ನಿಂತಿದೆ ಸ್ವಾಮಿ. ಬಿಟ್ಟು ಹೋಗಲಾರರೆಂದು ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಅವರಿಗೆ ಕಾಗದ ಬರೆದುಕೊಡುವುದಿಲ್ಲ.

ಅದರ ಮೇಲೆ ತೆರಿಗೆ. ಕಟ್ಟಿದ ಪೂರ್ತಿ ಪಂದ್ಯದ ಹಣಕ್ಕೆ ಶೇ 28 ಜಿಎಸ್‌ಟಿ ಎಂದು 2023ರ ಅಕ್ಟೋಬರಿನಿಂದ ಖಚಿತವಾಯಿತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಜೂಜಿಗೆ ತೆರಿಗೆ ಬೇಡ ಎನ್ನುವವನಲ್ಲ ನಾನು. ಆದರೆ ಕೌಂಟರಿನಲ್ಲಿ ಆಡುತ್ತಿದ್ದವನು ಮೊಬೈಲಿನಲ್ಲಿ ಕಳ್ಳ ಬುಕಿಗೆ ಹೋದರೆ ಕ್ಲಬ್ಬಿನ ಆದಾಯ ಇಳಿಯುತ್ತದೆ, ಬಹುಮಾನದ ಹಣ ಇಳಿಯುತ್ತದೆ, ಓನರು ಕುದುರೆ ಕಡಿಮೆ ಮಾಡುತ್ತಾನೆ. ಟ್ರೈನರು ಮೊದಲು ಕೈ ಹಾಕುವುದು ಹುರುಳಿಗಲ್ಲ, ಸೈಸಿನ ಸಂಬಳಕ್ಕೆ. ನಷ್ಟ ಇಳಿಯುವಾಗ ಮಾತ್ರ ಆ ಎಲ್ಲ ಮೆಟ್ಟಿಲನ್ನೂ ಇಳಿದು ನೇರ ಲಾಯಕ್ಕೆ ಬರುತ್ತದೆ.

ಪಕ್ಕದ ರಾಜ್ಯದಲ್ಲಿ ಆದದ್ದೂ ತಮ್ಮ ಕಣ್ಣ ಮುಂದಿದೆ. 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಮದ್ರಾಸ್ ರೇಸ್ ಕ್ಲಬ್ಬಿನ ಗಿಂಡಿ ಜಮೀನಿನ ಗುತ್ತಿಗೆ ರದ್ದು ಮಾಡಿತು. 160 ಎಕರೆಗೂ ಹೆಚ್ಚು ಜಮೀನು, ಬಾಡಿಗೆ ಬಾಕಿ 730 ಕೋಟಿಗೂ ಮೇಲೆ. ಬೆಳಿಗ್ಗೆ ಹೊತ್ತಿಗೆ ಗೇಟಿಗೆ ಸೀಲು. ಅಪ್ಪ ಟಿವಿಯಲ್ಲಿ ಅದನ್ನು ನೋಡುತ್ತಿದ್ದ. ಅವನು ಐದಾರು ಸೀಸನ್ ಕಳೆದ ಜಾಗ. ಪಾರ್ಕ್ ಆಗುತ್ತದೆ, ಕೆರೆ ಆಗುತ್ತದೆ ಎಂದು ಹೇಳುತ್ತಿದ್ದರು. ಆಗಲಿ, ನಗರಕ್ಕೆ ಕೆರೆ ಬೇಕು. ಅಪ್ಪ ಕೇಳಿದ್ದು, ‘ಒಳಗಿರೋ ಕುದ್ರೆಗೆ ಬೆಳಗಿನ ನೀರು ಇಟ್ಟವ್ರಾ?’

ಇದಕ್ಕಿಂತ ದೂರದ ಒಂದು ಕಥೆ ಹೇಳಿ ಮುಗಿಸುತ್ತೇನೆ, ಕುಣಿಗಲ್ಲಿಗೆ ಕಂಪನಿ ಬರುತ್ತದೆಂದು ಸಂತೋಷಪಡುವವರಿಗಾಗಿ. ನನ್ನ ಚಿಕ್ಕಪ್ಪನ ಮಗ ಶಿಕಾಗೋ ಹತ್ತಿರ ಕೆಲಸದಲ್ಲಿದ್ದಾನೆ. ಅವನ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಆರ್ಲಿಂಗ್ಟನ್ ಪಾರ್ಕ್ ಎಂಬ ರೇಸ್‌ಕೋರ್ಸ್ ಇತ್ತು. 1927ರಲ್ಲಿ ಶುರುವಾದದ್ದು. 1985ರ ಜುಲೈ ಕೊನೆಯಲ್ಲಿ ಅದರ ಗ್ಯಾಲರಿ ಪೂರ್ತಿ ಸುಟ್ಟುಹೋಯಿತು. ಇಪ್ಪತ್ತೈದೇ ದಿನದಲ್ಲಿ ಡೇರೆ ಹಾಕಿ ಅದೇ ಜಾಗದಲ್ಲಿ ತಮ್ಮ ದೊಡ್ಡ ರೇಸನ್ನು ನಡೆಸಿದರು. ಬೆಂಕಿಗೂ ಬಗ್ಗದ ಜಾಗ. 2000ನೇ ಇಸವಿಯಲ್ಲಿ ಅದು ಚರ್ಚಿಲ್ ಡೌನ್ಸ್ ಎಂಬ ದೊಡ್ಡ ಕಂಪನಿಯ ಕೈಸೇರಿತು, ಕೆಂಟಕಿ ಡರ್ಬಿ ನಡೆಸುವ ಕಂಪನಿ, ಷೇರುಪೇಟೆಯಲ್ಲಿರುವ ಕಂಪನಿ. ಆ ಕಂಪನಿಗೆ ಹತ್ತಿರದಲ್ಲೇ ಒಂದು ಕ್ಯಾಸಿನೋದಲ್ಲೂ ಪಾಲಿತ್ತು. ರೇಸ್‌ಕೋರ್ಸಿನಲ್ಲೂ ಕ್ಯಾಸಿನೋ ಇಡಬಹುದೆಂದು 2019ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿಕೊಟ್ಟರೂ ಕಂಪನಿ ಆರ್ಲಿಂಗ್ಟನ್ನಿಗೆ ಅರ್ಜಿಯನ್ನೇ ಹಾಕಲಿಲ್ಲ. 2021ರ ಸೆಪ್ಟೆಂಬರ್ 25ಕ್ಕೆ ಕೊನೆಯ ಓಟ. 326 ಎಕರೆಯನ್ನು 19 ಕೋಟಿ 72 ಲಕ್ಷ ಡಾಲರಿಗೆ ಒಂದು ಫುಟ್‌ಬಾಲ್ ತಂಡಕ್ಕೆ ಮಾರಿದರು. 2023ರಲ್ಲಿ ಆ ಗ್ಯಾಲರಿಯನ್ನು ಕೆಡವಿದರು. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಗೋಲ್ಡನ್ ಗೇಟ್ ಫೀಲ್ಡ್ಸ್ ಎಂಬುದು 2024ರ ಜೂನಿನಲ್ಲಿ ಮುಚ್ಚಿತು, ಅದೂ ಒಂದು ಕಂಪನಿಯದೇ. ಹಾಲಿವುಡ್ ಪಾರ್ಕ್ 2013ರಲ್ಲೇ ಮುಚ್ಚಿತ್ತು, ಅಲ್ಲಿ ಈಗ ಸ್ಟೇಡಿಯಂ ಇದೆ.

ಕಂಪನಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕಂಪನಿಗೆ ಲೆಕ್ಕ ಮುಖ್ಯ. ಜಮೀನಿನ ಬೆಲೆ ಓಟದ ಲಾಭಕ್ಕಿಂತ ಹೆಚ್ಚಾದ ದಿನ ಅದು ಜಮೀನನ್ನೇ ನೋಡುತ್ತದೆ. ಆ ದಿನ ಬೆಂಗಳೂರಿಗೆ ಎಂದೋ ಬಂದಿದೆ, ಕುಣಿಗಲ್ಲಿಗೂ ಹೆದ್ದಾರಿಯಲ್ಲಿ ಬರುತ್ತಿದೆ. ಅಮೆರಿಕದಲ್ಲಿ ಜಮೀನು ಕಂಪನಿಯದೇ, ಸರ್ಕಾರ ಏನೂ ಮಾಡಲಾಗಲಿಲ್ಲ ಎನ್ನಬಹುದು. ಇಲ್ಲಿ ಜಮೀನು ನಮ್ಮದು! ತಮ್ಮ ಸಹಿ ಇಲ್ಲದೆ ಒಂದು ಗುಂಟೆ ಕದಲುವುದಿಲ್ಲ. ಇಷ್ಟು ದೊಡ್ಡ ಅಧಿಕಾರ ಕೈಯಲ್ಲಿಟ್ಟುಕೊಂಡು ಬಾಡಿಗೆ ಎಷ್ಟು ಎಂದು ಮಾತ್ರ ಕೇಳಿ ಬರುವುದಾದರೆ, ಕ್ಷಮಿಸಿ, ತಾವು ಆ ಜಮೀನಿನ ದಲ್ಲಾಳಿ ಆಗುತ್ತೀರೇ ಹೊರತು ಯಜಮಾನರಾಗುವುದಿಲ್ಲ. ದೊಡ್ಡವರಿಗೆ ಹೀಗೆ ಬರೆಯಬಾರದೆಂದು ಅಪ್ಪ ಹೇಳಿದ. ಹದಿನಾರು ವರ್ಷ ಸುಮ್ಮನಿದ್ದು ನೋಡಿದ್ದೇನೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಷರತ್ತು ಬರೆಸಿ. ಲಾಯಕ್ಕೆ ಪಾಸ್ ಪಡೆದ ಪ್ರತಿಯೊಬ್ಬನ ಹೆಸರು ಒಂದು ರಿಜಿಸ್ಟರಿನಲ್ಲಿರಲಿ, ಆ ರಿಜಿಸ್ಟರನ್ನು ಕಾರ್ಮಿಕ ಇಲಾಖೆ ವರ್ಷಕ್ಕೊಮ್ಮೆ ನೋಡಲಿ. ಟ್ರೈನರ್ ಸಂಬಳ ಕೊಡಲಿ, ಕೊಡದಿದ್ದರೆ ಜಮೀನು ಪಡೆದವರು ಕೊಡಬೇಕೆಂದು ಇರಲಿ. ಇಎಸ್‌ಐ ಕಾರ್ಡು, ಪಿಎಫ್ ನಂಬರು ಇಲ್ಲದವನಿಗೆ ಪಾಸೇ ಕೊಡುವಂತಿಲ್ಲ ಎಂದಿರಲಿ. ಯಾವ ಕಾರಣಕ್ಕೆ ಓಟ ನಿಂತರೂ, ಸರ್ಕಾರವೇ ನಿಲ್ಲಿಸಿದರೂ, ಕುದುರೆ ಲಾಯದಲ್ಲಿರುವಷ್ಟು ದಿನ ಸೈಸಿಗೆ ಪೂರ್ತಿ ಸಂಬಳ. ಕ್ಲಬ್ಬಿನಿಂದ ಮೊದಲೇ ಒಂದು ಠೇವಣಿ ಇರಿಸಿಕೊಂಡರೆ ಇದು ಕಷ್ಟವೇನಲ್ಲ, ಬಾಡಿಗೆಗೆ ಇರಿಸಿಕೊಳ್ಳುವುದಿಲ್ಲವೇ. ಓಡಲಾರದ ಕುದುರೆಯನ್ನು ಎಲ್ಲಿಗೆ ಕಳಿಸಿದರೆಂದೂ ಆ ರಿಜಿಸ್ಟರಿನಲ್ಲೇ ಬರೆಯಬೇಕು. ನಾಲ್ಕೈದು ವರ್ಷ ಓಡಿದ ಕುದುರೆ ಎಲ್ಲೋ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ನಡುಗುತ್ತಾ ನಿಂತದ್ದನ್ನು ಅಪ್ಪ ಒಮ್ಮೆ ಗುರುತು ಹಿಡಿದಿದ್ದ. ಹೆಸರು ಹಿಡಿದು ಕರೆದರೆ ಕಿವಿ ತಿರುಗಿಸಿತಂತೆ. ಮತ್ತೆ, ಬೆಳಗಿನ ಟ್ರ್ಯಾಕ್ ಹೊತ್ತಿನಿಂದ ರಾತ್ರಿಯವರೆಗೆ ಮನುಷ್ಯರಿಗೂ ಒಂದು ಆಂಬುಲೆನ್ಸ್ ಲಾಯದ ಹತ್ತಿರ ನಿಂತಿರಲಿ.

ಬೆಂಗಳೂರಿಗೂ ಬರೆಸಿ, ಮೈಸೂರಿಗೂ ಬರೆಸಿ. ಕುಣಿಗಲ್ಲಿಗೆ ಬರುವುದಾದರೆ ಮೊದಲ ಪುಟದಲ್ಲೇ ಬರೆಸಿ. ನಮ್ಮೂರ ಹುಡುಗರಿಗೆ ಕೆಲಸ ಸಿಗುತ್ತದೆಂದು ಆಗಲೇ ಭಾಷಣ ಶುರುವಾಗಿದೆ. ಯಾರ ಕೆಳಗೆ ಕೆಲಸ ಎಂದು ಭಾಷಣದಲ್ಲಿ ಹೇಳುತ್ತಿಲ್ಲ.

ಈ ಪತ್ರದ ಜೊತೆ ಅಪ್ಪನ 2009ರ ಗೇಟ್ ಪಾಸಿನ ಜೆರಾಕ್ಸ್ ಪ್ರತಿಯನ್ನು ತಮ್ಮ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕ್ಲಬ್ಬಿನ ಹೆಸರಿನ ಮೇಲೆ ಕಾಗದ ಅಂಟಿಸಿ ಪ್ರತಿ ತೆಗೆದಿದ್ದೇನೆ, ಫೋಟೋ ಮಾತ್ರ ಸ್ಪಷ್ಟವಾಗಿದೆ. ಪಾಸಿನಲ್ಲಿ ‘ನಿಯೋಜಕರ ಹೆಸರು’ ಎಂಬ ಒಂದು ಗೆರೆ ಇದೆ. ಅದು ಆಗಲೂ ಖಾಲಿ ಇತ್ತು. ಅಲ್ಲಿ ಯಾರ ಹೆಸರು ಬರೆಯಬೇಕಿತ್ತು ಎಂದು ತಮ್ಮ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂದರೆ, ಅಪ್ಪನಿಗೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೈಸ್ ಒಬ್ಬನ ಮಗ
ಕುಣಿಗಲ್, ತುಮಕೂರು ಜಿಲ್ಲೆ